ವೀಸಾ ಕೇಳದ ಓಂತ್ರೇಯ್

ಎರಡು ದೇಶಗಳ ನಡುವಿನ ಗಡಿಯನ್ನು ತಾನೇ ಹಾಕಿಸಿದೆನೆಂದು ನಂಬಿದ್ದ ಮನುಷ್ಯನೊಬ್ಬ ನಮ್ಮ ವಿನ್ಸ್ಕಾ ಊರಿನಲ್ಲಿದ್ದ. ಅವನ ಹೆಸರು ಓಂತ್ರೇಯ್. ಹುಚ್ಚನಲ್ಲ, ಬಡಾಯಿಗಾರನೂ ಅಲ್ಲ. ಟ್ರಾಕ್ಟರ್ ಓಡಿಸಿ, ಜೇನು ಸಾಕಿ, ಎಂಬತ್ತಾರರವರೆಗೆ ಬಾಳಿ, ಹೋದ ಶರತ್ಕಾಲದಲ್ಲಿ ತೀರಿಕೊಂಡ. ಅವನನ್ನು ಗಡಿ ಹೊಳೆಯ ಈ ದಡದಲ್ಲೇ ಮಣ್ಣು ಮಾಡಿದೆವು. ಅವನ ಅಕ್ಕ ಪಾಲಗಾ ಆಚೆ ದಡದಲ್ಲಿ ಇನ್ನೂ ಇದ್ದಾಳೆ.

ಅವನು ನಂಬಿದ್ದರಲ್ಲಿ ಸ್ವಲ್ಪ ನಿಜವೂ ಇತ್ತು. ಪೂರಾ ಸುಳ್ಳಾಗಿದ್ದರೆ ನಾನು ಮೇಷ್ಟ್ರಾದವನು ತಿದ್ದಿಬಿಡುತ್ತಿದ್ದೆ.

ನಮ್ಮ ಊರಿನ ಕೆಳಗೆ ಲೆಪ್ಪಾ ಹೊಳೆ ಹರಿಯುತ್ತದೆ. ಬೇಸಿಗೆಯಲ್ಲಿ ದನ ಮೊಣಕಾಲು ನೆನೆಯದೆ ದಾಟುವಷ್ಟು ನೀರು. ಆಚೆಗೆ ಕೋರ್ಲಾ ಎಂಬ ಸಣ್ಣ ಕೇರಿ, ಅದರ ಹಿಂದೆ ಪೈನ್ ಮರಗಳ ದಿಬ್ಬ. ಎರಡೂ ದಡದವರ ಹಿರಿಯರು ಮಲಗಿರುವುದು ಆ ದಿಬ್ಬದಲ್ಲಿ. ನಾವು ಸೆಟೊ ಜನ. ನಮ್ಮ ಮಾತು ಎಸ್ಟೋನಿಯದವರ ಮಾತಿಗೆ ಹತ್ತಿರ, ನಮ್ಮ ಪೂಜೆ ರಷ್ಯದವರ ಪೂಜೆಗೆ ಹತ್ತಿರ. ಹೀಗಾಗಿ ಇಬ್ಬರಿಗೂ ನಾವು ಅರ್ಧ ನೆಂಟರು, ಅರ್ಧ ಅನುಮಾನ.

ಓಂತ್ರೇಯನ ತಂದೆಯನ್ನು ಯುದ್ಧ ಮುಗಿದ ಮೇಲೆ ಸೈಬೀರಿಯಕ್ಕೆ ಸಾಗಿಸಿದರು. ಅವನು ಮರಳಿ ಬರಲಿಲ್ಲ. ತಾಯಿ ಎರಡು ಚಳಿಗಾಲ ಕಳೆಯುವುದರಲ್ಲಿ ಹೋದಳು. ನಾಲ್ಕು ವರ್ಷ ದೊಡ್ಡವಳಾದ ಪಾಲಗಾ ತಮ್ಮನನ್ನು ಬೆಳೆಸಿದಳು. ತನ್ನ ಹಳೆಯ ಕೋಟನ್ನು ಕತ್ತರಿಸಿ ಅವನಿಗೆ ಅಂಗಿ ಹೊಲಿದಳು. ಅವನನ್ನು ಟ್ರಾಕ್ಟರ್ ಶಾಲೆಗೆ ಕಳುಹಿಸಿದ ಮೇಲೆಯೇ ಮದುವೆಯಾಗಿ ಕೋರ್ಲಾಕ್ಕೆ ಹೋದಳು. ಹೋದಳೆಂದರೆ ಹೊಳೆ ದಾಟಿದಳು, ಅಷ್ಟೇ. ಆಗ ಎರಡೂ ದಡ ಒಂದೇ ಸೋವಿಯತ್ ಒಕ್ಕೂಟ, ಎಸ್ಟೋನಿಯದ ಒಂದೇ ಜಿಲ್ಲೆ, ಒಂದೇ ಸಾಮೂಹಿಕ ಬೇಸಾಯ.

ಕೋರ್ಲಾದವರಿಗೆ ಇದ್ದ ಕಷ್ಟ ರೊಟ್ಟಿಯದು. ನಮ್ಮ ಕಡೆಯ ರೊಟ್ಟಿ ವ್ಯಾನು ವಿನ್ಸ್ಕಾದವರೆಗೆ ಬರುತ್ತಿತ್ತು, ಹೊಳೆಯ ಮರದ ಸೇತುವೆ ಅದರ ಭಾರ ತಾಳುತ್ತಿರಲಿಲ್ಲ. ಪಾಲಗಾ ಕಂಕುಳಲ್ಲೊಂದು ಮಗು, ಕೈಯಲ್ಲೊಂದು ಮಗುವನ್ನು ಹಿಡಿದು ಹಿಮದಲ್ಲಿ ನಡೆದು ಬರುವಷ್ಟರಲ್ಲಿ ಅಂಗಡಿ ಖಾಲಿಯಾಗಿರುತ್ತಿತ್ತು. ಆ ಕಡೆ, ಪೆಟ್ಸೆರಿ ಪಟ್ಟಣದ ವ್ಯಾನು ಕೋರ್ಲಾದ ಪಕ್ಕದ ಹಳ್ಳಿಗೇ ಬರುತ್ತಿತ್ತು. ಆದರೆ ಅದು ರಷ್ಯದ ಜಿಲ್ಲೆ. ಬೇರೆ ಜಿಲ್ಲೆಯವರಿಗೆ ಅಲ್ಲಿ ರೊಟ್ಟಿ ಕೊಡುತ್ತಿರಲಿಲ್ಲ.

ಸ್ಟಾಲಿನ್ ಸತ್ತು ಕೆಲವು ವರ್ಷಗಳಾಗಿದ್ದವು. ಜಿಲ್ಲೆಗಳ ಗೆರೆಗಳನ್ನು ನೇರ ಮಾಡಲು ಮೇಲಿನಿಂದ ಅಧಿಕಾರಿಯೊಬ್ಬರು ಬಂದು ಕೋರ್ಲಾದ ಹುಲ್ಲುಮನೆಯಲ್ಲಿ ಸಭೆ ಸೇರಿಸಿದರು. ಅವರಿಗೆ ರಷ್ಯನ್ ಬಿಟ್ಟು ಬೇರೆ ಬಾರದು, ಕೇರಿಯ ಮುದುಕರಿಗೆ ರಷ್ಯನ್ ಸರಿಯಾಗಿ ಬಾರದು. ಟ್ರಾಕ್ಟರ್ ಶಾಲೆಯಲ್ಲಿ ಕಲಿತು ಬಂದಿದ್ದ ಇಪ್ಪತ್ತರ ಓಂತ್ರೇಯನನ್ನು ನಡುವೆ ನಿಲ್ಲಿಸಿದರು. ಆ ಸಭೆಯ ಕಥೆಯನ್ನು ಅವನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇನೆ.

“ನಿಮಗೆ ಯಾವ ಕಡೆ ಅನುಕೂಲ?” ಎಂದು ಅಧಿಕಾರಿ ಕೇಳಿದರಂತೆ.

ಹಿಂದಿನಿಂದ ಒಬ್ಬ ಮುದುಕ, “ಒಲೆ ಇರೋ ಕಡೆ!” ಎಂದ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಓಂತ್ರೇಯ್ ಮುದುಕರ ಮಾತನ್ನು ಅನುವಾದಿಸುವುದು ಬಿಟ್ಟು ತನ್ನ ಮಾತನ್ನೇ ಹೇಳಿದ. “ಸಾಹೇಬ್ರೇ, ರೊಟ್ಟಿ ಯಾವ ಕಡೆಯಿಂದ ಬರುತ್ತೋ ಆ ಕಡೆ ಬರ್ಕೊಳ್ಳಿ. ನನ್ನಕ್ಕ ಮಕ್ಕಳನ್ನ ಎತ್ಕೊಂಡು ಎಷ್ಟು ಅಂತ ನಡೀತಾಳೆ?”

ಎಲ್ಲರೂ ಕೈ ಎತ್ತಿದರು. ಪಾಲಗಾಳೂ ಎತ್ತಿದಳು. ಕೋರ್ಲಾ ರಷ್ಯದ ಜಿಲ್ಲೆಗೆ ಸೇರಿತು. ಮರುವಾರ ವ್ಯಾನು ಅವಳ ಬಾಗಿಲಿಗೇ ಬಂತು, ಅದರಲ್ಲಿ ಬಿಳಿ ರೊಟ್ಟಿ ಕೂಡ ಇತ್ತು. ಊರೆಲ್ಲ ಓಂತ್ರೇಯನನ್ನು ಹೊಗಳಿತು. ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಆ ಗೆರೆಯನ್ನು ಯಾರೂ ನೆನೆಯಲಿಲ್ಲ. ಹುಲ್ಲು ಕೊಯ್ಯಲು ದಾಟಿದೆವು, ಮದುವೆಗೆ ದಾಟಿದೆವು, ಹೆಣ ಹೊತ್ತು ದಾಟಿದೆವು. ನಾನು ಊರಿನ ಶಾಲೆಯಲ್ಲಿ ಮೇಷ್ಟ್ರಾದ ಮೇಲೆ ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗಲೂ ಆ ಗೆರೆಯ ಮೇಲೆ ಕೋಲು ಇಟ್ಟು ತೋರಿಸಿದ್ದಿಲ್ಲ.

ಒಕ್ಕೂಟ ಒಡೆದ ಬೇಸಿಗೆಯಲ್ಲಿ ಓಂತ್ರೇಯನಷ್ಟು ಕುಣಿದವರು ನಮ್ಮಲ್ಲಿ ಯಾರೂ ಇಲ್ಲ. ತಂದೆ ಜೇನುಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದ ನೀಲಿ, ಕಪ್ಪು, ಬಿಳಿ ಪಟ್ಟಿಯ ಎಸ್ಟೋನಿಯದ ಬಾವುಟವನ್ನು ತೆಗೆದು ಟ್ರಾಕ್ಟರಿಗೆ ಕಟ್ಟಿಕೊಂಡು ಹೊಳೆ ದಾಟಿದ, ಕೋರ್ಲಾದಲ್ಲೆಲ್ಲ ಸುತ್ತಿದ. ಸ್ವಾತಂತ್ರ್ಯ ಎರಡೂ ದಡಕ್ಕೆ ಬಂದಿದೆಯೆಂದೇ ಅವನ ಎಣಿಕೆ. ಅದಕ್ಕೆ ಕಾರಣವೂ ಇತ್ತು. ಮೊದಲ ಸಲ ಸ್ವತಂತ್ರವಾದಾಗ ಎಸ್ಟೋನಿಯ ರಷ್ಯದೊಂದಿಗೆ ಮಾಡಿಕೊಂಡ ಹಳೆಯ ಒಪ್ಪಂದದಲ್ಲಿ ಗಡಿ ಇಲ್ಲಿರಲಿಲ್ಲ. ಪೆಟ್ಸೆರಿಯಿಂದಲೂ ಆಚೆಗೆ ಇತ್ತು.

ಆದರೆ ಮರುವರ್ಷವೇ ಹೊಳೆಯ ದಡಕ್ಕೆ ಕಂಬಗಳು ಬಂದವು. ಓಂತ್ರೇಯ್ ಹೋಗಿ ಕಾವಲಿನ ಹುಡುಗನನ್ನು ಕೇಳಿದ. ನಾನೂ ಜೊತೆಗಿದ್ದೆ.

“ಅಪ್ಪಾ, ಇದು ಜಿಲ್ಲೆ ಗೆರೆ ಕಣಪ್ಪಾ. ದೇಶದ್ದಲ್ಲ. ರೊಟ್ಟಿ ವ್ಯಾನಿಗೋಸ್ಕರ ಹಾಕ್ಸಿದ್ದು. ನಾನೇ ಹಾಕ್ಸಿದ್ದು.”

“ಇರಬಹುದು ಮಾವ,” ಎಂದ ಹುಡುಗ. “ಈಗ ದೇಶದ್ದಾಗಿದೆ.”

ಮೊದಲ ಕೆಲವು ವರ್ಷ ಅಷ್ಟೇನೂ ಬಿಗಿ ಇರಲಿಲ್ಲ. ಮರಿಯಾ ಮಾತೆಯ ಹಬ್ಬದ ದಿನ ನಮ್ಮಲ್ಲಿ ಸಮಾಧಿಯೂಟದ ಪದ್ಧತಿ. ಹಿರಿಯರ ಸಮಾಧಿಯ ಮೇಲೆ ಕಸೂತಿಯ ಬಟ್ಟೆ ಹಾಸಿ, ಜೀರಿಗೆ ಹಾಕಿದ ಗಿಣ್ಣು, ಬೇಯಿಸಿದ ಮೊಟ್ಟೆ, ಒಣಮೀನು, ಕಡುಬು ಎಲ್ಲ ಇಟ್ಟು, ಸತ್ತವರ ಜೊತೆ ಕುಳಿತು ಉಣ್ಣಬೇಕು. ಆ ಒಂದು ದಿನ ಎರಡೂ ಕಡೆಯ ಕಾವಲಿನವರು ಹೆಸರು ಕೂಗಿ ನಮ್ಮನ್ನು ಬಿಡುತ್ತಿದ್ದರು.

ಅಂಥ ಒಂದು ಊಟದಲ್ಲಿ ಪಾಲಗಾ ಎಲ್ಲರ ಮುಂದೆ ತಮ್ಮನ ಕಾಲೆಳೆದಳು. ಅವಳ ನಾಲಿಗೆ ಮೊದಲಿನಿಂದಲೂ ಹರಿತ. “ನೋಡ್ರೇ, ನನ್ನ ತಮ್ಮ ನನ್ನನ್ನ ಒಂದು ರೊಟ್ಟಿಗೆ ಮಾರ್ಬಿಟ್ಟ! ಬೇರೆಯವರ ತಮ್ಮಂದಿರು ಒಂದು ಹಸುನಾದ್ರೂ ಕೇಳ್ತಿದ್ರು.”

ಸಮಾಧಿಗಳ ನಡುವೆ ಕುಳಿತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಓಂತ್ರೇಯನೂ ನಕ್ಕ. ಆದರೆ ಅವನ ಕಿವಿ ಕೆಂಪಾಯಿತು. “ಗೆರೆ ಹಾಕಿದ್ದು ಸರ್ಕಾರ, ನಾನಲ್ಲ,” ಎಂದು ವಾದಕ್ಕೆ ನಿಂತ. “ಇರು, ಹೊಸ ಒಪ್ಪಂದ ಆಗ್ಲಿ. ಈ ಕಂಬಾನೆಲ್ಲ ಕಿತ್ತು ನಿನ್ನ ಒಲೆಗೆ ಹಾಕ್ತೀನಿ.”

“ಹಸಿ ಕಂಬ ಉರಿಯಲ್ಲ ಕಣೋ,” ಎಂದಳು ಪಾಲಗಾ. “ಮೊಟ್ಟೆ ತಿನ್ನು.”

ಅವಳು ಮರೆತಳು. ಅವನಿಗೆ ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು.

ಆಮೇಲೆ ವೀಸಾ ಬಂತು. ಗಡಿಯ ಊರುಗಳವರಿಗೆ ಅದು ಪುಕ್ಕಟೆಯೇ ಸಿಗುತ್ತಿತ್ತು. ತಾರ್ತು ಪಟ್ಟಣದ ಕಚೇರಿಗೆ ಅರ್ಜಿ ಕೊಟ್ಟರೆ ವರ್ಷಕ್ಕೆ ಎಷ್ಟು ಸಲ ಬೇಕಾದರೂ ಹೋಗಿಬರಬಹುದಾಗಿತ್ತು. ಹೊಳೆಯ ಸೇತುವೆಯನ್ನು ಕಿತ್ತಿದ್ದರಿಂದ ಪೆಟ್ಸೆರಿಯ ಮೇಲೆ ಸುತ್ತು ಹಾಕಬೇಕು, ಸಾಲಿನಲ್ಲಿ ನಿಲ್ಲಬೇಕು. ಕಷ್ಟ ನಿಜ. ಆದರೂ ಊರಿನವರು ಹೋದರು. ಪಕ್ಕದ ಮನೆಯ ವಿಧವೆ ಓಕ್ಸೆ ಪ್ರತಿ ಹಬ್ಬಕ್ಕೂ ಹೋದಳು. ನಾನೂ ನನ್ನ ತಂದೆತಾಯಿಯ ಸಮಾಧಿಗೆ ಹೋದೆ. ಓಂತ್ರೇಯ್ ಮಾತ್ರ ಹೋಗಲಿಲ್ಲ.

“ವೀಸಾ ಅಂದ್ರೇನು ಮೇಷ್ಟ್ರೇ?” ಎಂದು ಕೇಳುತ್ತಿದ್ದ. “ಪರದೇಶಕ್ಕೆ ಹೋಗೋನು ಕೇಳೋದು. ನಮ್ಮಮ್ಮನ ಸಮಾಧಿ ಪರದೇಶವಾ? ನಾನು ಅರ್ಜಿ ಹಾಕಿದ್ರೆ, ಹೌದು ಅದು ರಷ್ಯಾ ಅಂತ ನಾನೇ ಬರ್ಕೊಟ್ಟ ಹಾಗಾಯ್ತು. ಒಂದ್ಸಲ ಬಾಯಿ ಬಿಟ್ಟು ಕೊಟ್ಟೆ. ಎರಡನೇ ಸಲ ಕೊಡೋದಿಲ್ಲ.”

“ನೀನು ಅರ್ಜಿ ಹಾಕಿದರೂ ಹಾಕದಿದ್ದರೂ ಗಡಿ ಅಲ್ಲೇ ಇರುತ್ತೆ ಓಂತ್ರೇಯ್.”

“ಇರ್ಲಿ. ನನ್ನ ಸಹಿ ಇಲ್ದೆ ಇರ್ಲಿ.”

ಹೀಗೆ ವಾದಿಸುತ್ತಲೇ ಒಳಗೊಳಗೇ ಅವನ ಬಗ್ಗೆ ನನಗೆ ಹೆಮ್ಮೆಯಾಗುತ್ತಿತ್ತು. ಈಗ ಯೋಚಿಸಿದರೆ, ನಮ್ಮಂಥವರ ಆ ಹೆಮ್ಮೆಯೇ ಅವನನ್ನು ಇನ್ನಷ್ಟು ಗಟ್ಟಿ ಮಾಡಿತೋ ಏನೋ.

ಓಕ್ಸೆ ಹಬ್ಬದಿಂದ ಮರಳಿ ಬರುವ ದಿನ ಅವನು ಬೇಲಿಯ ಬಳಿ ಏನೋ ಕೆಲಸವಿದ್ದವನಂತೆ ನಿಂತಿರುತ್ತಿದ್ದ.

“ನಿಮ್ಮಕ್ಕ ಕೇಳಿದ್ರು ಓಂತ್ರೇಯಣ್ಣ. ಮಹಾರಾಜರು ಯಾವಾಗ ಬರ್ತಾರಂತೆ ಅಂತ.”

“ಒಪ್ಪಂದ ಆಗ್ಲಿ ಅಂತ ಹೇಳಬೇಕಿತ್ತು.”

“ಹೇಳ್ದೆ. ಒಪ್ಪಂದಕ್ಕೆ ಹಲ್ಲು ಬರೋ ಹೊತ್ತಿಗೆ ನಮಗೆಲ್ಲ ಹಲ್ಲು ಉದುರಿರುತ್ತೆ ಅಂದ್ರು.”

ಅವನು ನಕ್ಕು ಒಳಗೆ ಹೋಗುತ್ತಿದ್ದ. ಆದರೆ ರೇಡಿಯೋದ ಒಂದು ಸುದ್ದಿಯನ್ನೂ ಬಿಡುತ್ತಿರಲಿಲ್ಲ. ನಮ್ಮ ರಾಜಧಾನಿ ತಾಲಿನ್ನಿನಲ್ಲಿ ಯಾವ ಮಂತ್ರಿ, ಮಾಸ್ಕೋದಲ್ಲಿ ಯಾವ ಮಂತ್ರಿ, ಯಾರು ಯಾರ ಕೈ ಕುಲುಕಿದರು, ಯಾರು ಊಟಕ್ಕೆ ನಿಲ್ಲದೆ ಹೊರಟರು, ಎಲ್ಲ ಅವನಿಗೆ ಬಾಯಿಪಾಠ. ಗಡಿಯ ಒಪ್ಪಂದಕ್ಕೆ ಕೊನೆಗೂ ಎರಡು ಕಡೆಯವರು ಸಹಿ ಹಾಕಿದ ವರ್ಷ ಅವನು ಹೊಸ ಬೂಟು ಕೊಂಡ. ನಮ್ಮ ಸಂಸತ್ತಿನವರು ಒಪ್ಪುವಾಗ ಹಳೆಯ ಒಪ್ಪಂದವನ್ನು ನೆನೆಯುವ ಒಂದು ಮಾತನ್ನು ಸೇರಿಸಿದರು. ರಷ್ಯದವರು ಅದಕ್ಕೆ ಮುನಿದು ಸಹಿಯನ್ನೇ ಹಿಂದಕ್ಕೆ ತೆಗೆದುಕೊಂಡರು. ಬೂಟು ಪೆಟ್ಟಿಗೆಯಲ್ಲಿ ಉಳಿಯಿತು.

ಆ ದಿನಗಳಲ್ಲೇ ವಿದೇಶಾಂಗ ಇಲಾಖೆಯಿಂದ ಯುವಕರೊಬ್ಬರು ನಮ್ಮ ಸಮುದಾಯ ಭವನಕ್ಕೆ ಬಂದು ಪರಿಸ್ಥಿತಿಯನ್ನು ವಿವರಿಸಿದರು. ಒಳ್ಳೆಯ ಹುಡುಗ, ನಮ್ಮ ಗಿಣ್ಣನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಅವನ ಮಾತು ಮುಗಿದ ಮೇಲೆ ಓಂತ್ರೇಯ್ ಎದ್ದು ನಿಂತ.

“ಸ್ವಾಮೀ, ಕೋರ್ಲಾದ ಗೆರೆ ನಾನು ಹಾಕ್ಸಿದ್ದು. ಅದು ರಾಜ್ಯದ ಗೆರೆ ಅಲ್ಲ, ರೊಟ್ಟಿ ಗೆರೆ. ತಪ್ಪು ನನ್ನದು ಅಂತ ನಾನು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಮಾಸ್ಕೋಗಾದ್ರೂ ಬರ್ತೀನಿ.”

“ಮಾಸ್ಕೋಗೆ ವೀಸಾ ಬೇಕಲ್ಲ ಓಂತ್ರೇಯಣ್ಣ!” ಎಂದಳು ಓಕ್ಸೆ ಹಿಂದಿನ ಬೆಂಚಿನಿಂದ. ಭವನ ಗೊಳ್ಳೆಂದಿತು.

ಯುವಕ ನಗಲಿಲ್ಲ. “ಅಜ್ಜಾ, ಈಗಿರುವ ಗೆರೆಯನ್ನೇ ಇಟ್ಟುಕೊಳ್ಳೋಣ ಅಂತ ಎರಡು ಕಡೆಯವರೂ ಮಾತಾಡಿಕೊಂಡಿದ್ದಾರೆ. ಅಲ್ಲೊಂದು ಇಲ್ಲೊಂದು ಚೂರು ಜಾಗ ಅದಲುಬದಲು ಆಗಬಹುದು, ಅಷ್ಟೇ.”

“ಅಲ್ಲೊಂದು ಇಲ್ಲೊಂದು ಅಂದ್ರೆ, ಕೋರ್ಲಾನೂ ಆಗಬಹುದು?”

ಯುವಕ ನನ್ನ ಮುಖ ನೋಡಿದ. ಮುದುಕನ ಮನಸ್ಸು ನೋಯಿಸಲು ಅವನಿಗೆ ಇಷ್ಟವಿರಲಿಲ್ಲ. “ಆಗಲ್ಲ ಅಂತ ನಾನು ಹೇಳೋಕಾಗಲ್ಲ ಅಜ್ಜ,” ಎಂದ.

ಆ ಒಂದು ಮರುಕದ ಮಾತನ್ನು ಓಂತ್ರೇಯ್ ಹದಿನೈದು ವರ್ಷ ಹಿಡಿದುಕೊಂಡು ಕುಳಿತ. ಅಂದು ಮನೆಗೆ ಮರಳುವ ದಾರಿಯಲ್ಲಿ ನಾನು ಬಿಡಿಸಿ ಹೇಳಿದೆ: “ಈ ಒಪ್ಪಂದ ಆದರೆ ಗೆರೆ ಜರುಗುವುದಿಲ್ಲ ಓಂತ್ರೇಯ್, ಇನ್ನೂ ಗಟ್ಟಿಯಾಗುತ್ತೆ.” ಅವನು ಕೇಳಿಸಿಕೊಳ್ಳಲಿಲ್ಲ. ಮತ್ತೊಮ್ಮೆ ಸಹಿಯಾಯಿತು, ಮತ್ತೆ ಯಾವ ಸಂಸತ್ತೂ ಒಪ್ಪಲಿಲ್ಲ. ಅಷ್ಟರಲ್ಲಿ ಓಕ್ಸೆ ತೀರಿಕೊಂಡಳು. ನನಗೂ ವಯಸ್ಸಾಗಿ ಅಷ್ಟು ದೂರ ಹೋಗುವುದು ನಿಂತಿತ್ತು, ಸುದ್ದಿ ತರುವವರು ಇಲ್ಲವಾದರು. ಪಾಲಗಾಳಿಗೆ ಕಿವಿ ಪೂರ್ತಿ ಮಂದವಾಗಿ ಫೋನಿನಲ್ಲಿ ಮಾತಾಡುವುದೂ ನಿಂತಿತು. ಹಬ್ಬದ ದಿನ ಅವನು ನಮ್ಮ ದಡದಲ್ಲೇ ಬಟ್ಟೆ ಹಾಸಿ, ಆಚೆಯ ದಿಬ್ಬವನ್ನು ನೋಡುತ್ತ ಒಬ್ಬನೇ ಉಣ್ಣುತ್ತಿದ್ದ. ಮರಗಳ ನಡುವೆ ಬಿಳಿ ತಲೆವಸ್ತ್ರಗಳು ಓಡಾಡುವುದು ಕಾಣುತ್ತಿತ್ತು. ಗಡಿಯ ಆಚೆಗೆ ಕೂಗಿ ಮಾತಾಡುವಂತಿರಲಿಲ್ಲ; ಕೂಗಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಆಮೇಲೆ ಸಾಂಕ್ರಾಮಿಕ ಬಂದು ಗಡಿ ಮುಚ್ಚಿತು. ಅದು ತೆರೆಯಿತು ಎನ್ನುವಷ್ಟರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು. ತಾರ್ತುವಿನ ವೀಸಾ ಕಚೇರಿಗೆ ಬೀಗ ಬಿತ್ತು. ರೇಡಿಯೋದಲ್ಲಿ ಒಪ್ಪಂದ ಎಂಬ ಮಾತೇ ಇಲ್ಲದಂತಾಯಿತು. ಆ ಚಳಿಗಾಲವೆಲ್ಲ ಓಂತ್ರೇಯ್ ನನ್ನ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದ.

ಒಂದು ದಿನ ಹೇಳಿದ: “ಮೇಷ್ಟ್ರೇ, ಇನ್ನು ಗೆರೆ ಜರುಗಲ್ಲ. ಅದು ಗೊತ್ತಾಯ್ತು. ಸಾಯೋದ್ರೊಳಗೆ ಅಕ್ಕನ ಹತ್ರ ಆ ರೊಟ್ಟಿ ವಿಷಯಕ್ಕೆ ಕ್ಷಮೆ ಕೇಳ್ಬೇಕು. ಅವಳು ಕ್ಷಮಿಸ್ದೆ ಹೋದ್ರೆ ನನಗೆ ಅಲ್ಲೂ ನೆಮ್ಮದಿ ಇಲ್ಲ.”

ಈಸ್ಟರ್ ಹಬ್ಬಕ್ಕೆ ಮೊದಲಿನ ದೊಡ್ಡ ಉಪವಾಸ ತೊಡಗುವ ಮುಂಚಿನ ಭಾನುವಾರ ನಮ್ಮಲ್ಲಿ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುತ್ತಾರೆ. ಕೇಳುವವನು ನೆಲಕ್ಕೆ ಹಣೆ ಮುಟ್ಟಿಸಿ ಬಾಗಬೇಕು. ಎದುರಿನವನು, “ದೇವರು ಕ್ಷಮಿಸುತ್ತಾನೆ, ನಾನೂ ಕ್ಷಮಿಸುತ್ತೇನೆ,” ಎನ್ನಬೇಕು. ಇದು ಎದುರುಬದುರಾಗಿಯೇ ನಡೆಯಬೇಕು. ಮೊಮ್ಮಗಳು ನನಗೊಂದು ಫೋನು ಕೊಡಿಸಿದ್ದಳು, ಅದರಲ್ಲಿ ಮುಖ ಕಾಣುತ್ತದೆ. ಪಾಲಗಾಳ ಸೊಸೆ ಗಾಲ್ಯಾಳಿಗೂ ಅಂಥದೇ ಒಂದಿತ್ತು. ಮುಖ ಕಂಡರೆ ಎದುರುಬದುರಾದಂತೆಯೇ ಎಂದು ನಾನೇ ಅವನನ್ನು ಒಪ್ಪಿಸಿದೆ.

ಆ ಭಾನುವಾರ ಅವನು ಬಿಳಿ ಅಂಗಿ ತೊಟ್ಟು, ಪೆಟ್ಟಿಗೆಯ ಬೂಟು ಹಾಕಿಕೊಂಡು ನಮ್ಮ ಅಡುಗೆಮನೆಗೆ ಬಂದ. ಫೋನನ್ನು ಜೇನಿನ ಭರಣಿಗೆ ಒರಗಿಸಿದೆ. ಗಾಲ್ಯಾಳ ಮುಖ ಬಂತು, ಅದರ ಪಕ್ಕ ಬಿಳಿ ತಲೆವಸ್ತ್ರದ ಒಂದು ಸಣ್ಣ ಮುಖ.

“ಇದ್ಯಾರೇ ಈ ಮುದುಕ?” ಎಂದಿತು ಆ ಮುಖ. “ನಮ್ಮಪ್ಪನ ಥರ ಇದ್ದಾನೆ.”

“ನಾನು ಅಕ್ಕಾ…” ಎಂದ ಓಂತ್ರೇಯ್. ಕುರ್ಚಿ ಹಿಂದಕ್ಕೆ ತಳ್ಳಿ, ಮೇಜು ಹಿಡಿದುಕೊಂಡು ಮೊಣಕಾಲೂರಿ, ನೆಲಕ್ಕೆ ಬಾಗಿಬಿಟ್ಟ.

“ಏ, ಎಲ್ಲಿ ಹೋದ ಅವನು? ಮೇಷ್ಟ್ರ ಒಲೆ ಮಾತ್ರ ಕಾಣ್ತಾ ಇದೆ! ಮುಖ ತೋರ್ಸಿ ಓಡ್ಹೋದ್ನಾ?”

ನಾನು ಅವಸರದಲ್ಲಿ ಫೋನು ಎತ್ತಿ ನೆಲದ ಕಡೆಗೆ ಹಿಡಿದೆ. ಹಲಗೆಗೆ ಹಣೆ ಮುಟ್ಟಿಸಿದ್ದ ಅವನ ಬಿಳಿ ತಲೆಯನ್ನು ಅವಳು ನೋಡಿರಬೇಕು. ನಾನು ಮೊದಲೇ ವಿಷಯ ತಿಳಿಸಿದ್ದ ಗಾಲ್ಯಾ ಅವಳ ಕಿವಿಯಲ್ಲಿ ಕೂಗಿದಳು: “ಅತ್ತೇ, ಕ್ಷಮಿಸು ಅಂತಿದ್ದಾರೆ!”

“ಯಾವುದಕ್ಕೆ?”

“ರೊಟ್ಟಿಗೆ! ಗಡಿ ಹಾಕ್ಸಿದ್ದಕ್ಕೆ!”

“ಅಯ್ಯೋ ದಡ್ಡ,” ಎಂದಳು ಪಾಲಗಾ. “ಆ ರೊಟ್ಟಿ ತಿಂದೇ ಅಲ್ವೇನೋ ನನ್ನ ಮಕ್ಕಳು ಬದುಕಿದ್ದು? ಏಳೋ, ಥಂಡಿ ನೆಲ.”

ಅವನು ಏಳಲಿಲ್ಲ. ಆಮೇಲೆ ಅವಳ ದನಿ ಬೇರೆಯಾಯಿತು.

“ಓಕ್ಸೆ ಬರ್ತಿದ್ಲು. ಮೇಷ್ಟ್ರು ಬರ್ತಿದ್ರು. ಕುಂಟ ಮಿಹ್ಕೆಲ್ ಕೂಡ ಕೋಲೂರ್ಕೊಂಡು ಬರ್ತಿದ್ದ. ಅಮ್ಮನ ಸಮಾಧಿ ಮೇಲೆ ಬಟ್ಟೆ ಹಾಸ್ದಾಗೆಲ್ಲ ನಿನ್ನ ಪಾಲು ತೆಗೆದಿಡ್ತಿದ್ದೆ. ಬದುಕಿರೋನಿಗೆ ಸತ್ತವರ ಪಕ್ಕ ಪಾಲು ಇಡ್ಬಾರ್ದು ಅಂತ ಜನ ಬೈತಿದ್ರು. ಆದ್ರೂ ಇಡ್ತಿದ್ದೆ. ಸಾಯಂಕಾಲ ಆದ್ಮೇಲೆ ಕಾಗೆಗೆ ಹಾಕಿ ಮನೆಗೆ ಬರ್ತಿದ್ದೆ. ನೀನು ಬರ್ಲಿಲ್ಲ ಕಣೋ.”

“ಅಕ್ಕಾ, ಅವರ ಮುಂದೆ ಕೈ ಚಾಚ್ಬಾರ್ದು ಅಂತ… ಅದು ನಮ್ಮದು ಅಂತ…” ಎಂದ ನೆಲದಿಂದಲೇ. ಅವಳಿಗೆ ಕೇಳಿಸಲಿಲ್ಲ. ಗಾಲ್ಯಾ ಅದನ್ನು ಕಿವಿಯಲ್ಲಿ ಕೂಗಲೂ ಇಲ್ಲ.

“ದೇವರು ಕ್ಷಮಿಸ್ತಾನೆ,” ಎಂದಳು ಪಾಲಗಾ. ನಾವು ಕಾದೆವು. “ಇನ್ನರ್ಧ ನೀನು ಇಲ್ಲಿಗೆ ಬಂದಾಗ ಹೇಳ್ತೀನಿ.”

ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು, ಗಾಲ್ಯಾ ಫೋನು ಇಟ್ಟಳು. ಓಂತ್ರೇಯನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಲು ನನಗೆ ಸಾಕುಸಾಕಾಯಿತು. ಅವನು ಅಳಲಿಲ್ಲ. ಇಷ್ಟು ವರ್ಷ ಯಾವ ತಪ್ಪನ್ನು ಹೊತ್ತು ತಿರುಗಿದನೋ ಅದು ಅವಳ ಲೆಕ್ಕದಲ್ಲೇ ಇರಲಿಲ್ಲ. ಅವಳ ಲೆಕ್ಕದಲ್ಲಿದ್ದುದನ್ನು ಅವನು ತನ್ನ ದೊಡ್ಡತನವೆಂದು ತಿಳಿದಿದ್ದ.

ಮರುದಿನ ಸಂಜೆ ಅವನು ಮತ್ತೆ ಬಂದ. ಪೇಟೆಯಲ್ಲಿ ತೆಗೆಸಿದ ಒಂದು ಸಣ್ಣ ಫೋಟೋವನ್ನು ಮೇಜಿನ ಮೇಲಿಟ್ಟ.

“ವೀಸಾ ಅರ್ಜಿ ಬರೆದುಕೊಡಿ ಮೇಷ್ಟ್ರೇ.”

“ಕಚೇರಿ ಮುಚ್ಚಿದೆಯಲ್ಲ ಓಂತ್ರೇಯ್.”

“ಗೊತ್ತು. ತೆರೆದ ದಿನ ಸಾಲಲ್ಲಿ ಮೊದಲು ನಾವೇ ನಿಲ್ಲೋಣ. ಬರೀರಿ.”

ನನ್ನ ಬಳಿ ಹಳೆಯ ಖಾಲಿ ಅರ್ಜಿಯೊಂದಿತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದುತ್ತ ಹೋದೆ. ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಎಲ್ಲಕ್ಕೂ ನೆಟ್ಟಗೆ ಉತ್ತರ ಹೇಳಿದ.

“ಯಾವ ದೇಶಕ್ಕೆ ಪ್ರಯಾಣ?”

ಲೇಖನಿ ಹಿಡಿದು ಕಾದೆ. ಇಲ್ಲಿ ಎದ್ದು ಹೋಗುತ್ತಾನೆ ಎಂದೇ ನನಗೆ ಅನಿಸಿತ್ತು.

“ರಷ್ಯಾ ಅಂತ ಬರೀರಿ,” ಎಂದ. ಕೋರ್ಲಾವನ್ನು ಆ ಹೆಸರಿನಿಂದ ಅವನು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಪ್ರಯಾಣದ ಉದ್ದೇಶ?”

“ಅಕ್ಕನ್ನ ನೋಡೋಕೆ. ಅಷ್ಟು ಸಾಕಾಗುತ್ತಲ್ವಾ ಅವರಿಗೆ?”

“ಸಾಕು.”

ಸಹಿ ಹಾಕಿದ. ಟ್ರಾಕ್ಟರ್ ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರಗಳು. ಹಾಳೆಯನ್ನು ತಿರುಗಿಸಿದ, ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದ. ಏನೂ ಇರಲಿಲ್ಲ.

“ಇಷ್ಟೇನಾ ಮೇಷ್ಟ್ರೇ?”

“ಇಷ್ಟೇ,” ಎಂದೆ. ಅವನ ಮುಂದೆ ಇಟ್ಟಿದ್ದ ಚಹಾ ಇನ್ನೂ ಆರಿರಲಿಲ್ಲ.